ಹಳೆ ಅರೇಬಿಕಾ ಕಾಫಿ ತೋಟದಲ್ಲಿ ಟೀ ಹಾಕಬಹುದಾ? ಮಣ್ಣಿನಲ್ಲಿ ಕೂತಿರುವ ತಾಮ್ರದ ಬಗ್ಗೆ

ಹುದಿಕೇರಿ ತೋಟ:
ಎಲ್ಲರಿಗೂ ನಮಸ್ಕಾರ. ನಮ್ಮದು ದಕ್ಷಿಣ ಕೊಡಗು. ಅಜ್ಜನ ಕಾಲದ ಅರೇಬಿಕಾ ಒಂದು ಪಟ್ಟಿಯಲ್ಲಿ ಪೂರ್ತಿ ಹೋಗಿದೆ. ಬಿಳಿ ಕಾಂಡಕೊರಕ ಹೊಕ್ಕ ಮೇಲೆ ಗಿಡ ಉಳಿಯಲಿಲ್ಲ. ಆ ಜಾಗದಲ್ಲಿ ಸ್ವಲ್ಪ ಟೀ ಹಾಕೋಣ ಎಂದು ಮನೆಯಲ್ಲಿ ಮಾತು ನಡೆದಿದೆ. ಆನೆ ಟೀ ಗಿಡ ತಿನ್ನುವುದಿಲ್ಲ, ಮಳೆ ನಮ್ಮಲ್ಲಿ ಬೇಕಾದಷ್ಟಿದೆ, ಟೀ ತೋಟ ನಮಗೆ ಹೊಸದೂ ಅಲ್ಲ.

ಆದರೆ ಟೀ ಮಣ್ಣಿನಲ್ಲಿ ಭಾರ ಲೋಹ ಸೇರುವ ಬಗ್ಗೆ ಇತ್ತೀಚೆಗೆ ಓದಿದ ಮೇಲೆ ತಲೆಯಲ್ಲಿ ಅದೇ ಕೊರೆಯುತ್ತಿದೆ. ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ, ತಾಮ್ರ ಎಲ್ಲದರ ಹೆಸರೂ ಇತ್ತು. ನಮ್ಮ ಆ ಪಟ್ಟಿಗೆ ಮೂರು ತಲೆಮಾರು ಬೋರ್ಡೋ, ಅಂದರೆ ಮೈಲುತುತ್ತ ಮತ್ತು ಸುಣ್ಣ ಕಲಸಿದ ಔಷಧಿ ಹೊಡೆದಿದ್ದಾರೆ. ಮೈಲುತುತ್ತ ಎಂದರೆ ತಾಮ್ರ ತಾನೇ? ಅಷ್ಟೂ ಎಲ್ಲಿಗೆ ಹೋಯಿತು? ಟೀ ಎಂದರೆ ಎಲೆಯನ್ನೇ ಕುದಿಸಿ ಕುಡಿಯುವುದು. ಕಾಫಿಯಲ್ಲಾದರೆ ಬೀಜ ಒಳಗಿರುತ್ತದೆ, ಮೇಲೆ ಸಿಪ್ಪೆ ಇರುತ್ತದೆ. ಟೀಗೆ ಆ ರಕ್ಷಣೆ ಇಲ್ಲವಲ್ಲ ಎಂಬುದೇ ನನ್ನ ಚಿಂತೆ. ಗೊತ್ತಿರುವವರು ದಯವಿಟ್ಟು ಹೇಳಿ.

ಸೋಮವಾರಪೇಟೆ ಅರೇಬಿಕಾ:
ಒಳ್ಳೆಯ ಪ್ರಶ್ನೆ. ನಾನೂ ಉತ್ತರಕ್ಕೆ ಕಾಯುತ್ತೇನೆ. ನಮ್ಮಲ್ಲಿ ಬೋರ್ಡೋ ತಪ್ಪಿಸಿದ ವರ್ಷವೇ ಇಲ್ಲ. ಮಳೆಗೆ ಮೊದಲು ಒಂದು, ಮಳೆ ಬಿಟ್ಟ ಮೇಲೆ ಒಂದು. ಕೊಳೆರೋಗ ಜಾಸ್ತಿಯಾದ ವರ್ಷ ನಡುವೆ ಇನ್ನೊಂದು. ಇಷ್ಟು ಮಳೆಗೆ ಅದೆಲ್ಲ ಕೊಚ್ಚಿಕೊಂಡು ಹೋಗಿರುತ್ತದೆ ಎಂದೇ ನಾವು ಅಂದುಕೊಂಡಿದ್ದೇವೆ.

ಮಣ್ಣು ಪರೀಕ್ಷೆ:
ನಾನು ಮಣ್ಣಿನ ಲ್ಯಾಬ್‌ನಲ್ಲಿ ಕೆಲಸ ಮಾಡುವವನು. ತೋಟದ ಮಣ್ಣೇ ದಿನವೂ ಕೈಗೆ ಬರುವುದು. ಸ್ವಲ್ಪ ಉದ್ದ ಬರೆಯುತ್ತೇನೆ, ಲೆಕ್ಕ ಇಲ್ಲದೆ ಈ ವಿಷಯ ಮಾತಾಡಿದರೆ ಸುಮ್ನೆ ಹೆದರಿಕೆ ಹುಟ್ಟುತ್ತದೆ.

ಮೊದಲು ಸೋಮವಾರಪೇಟೆಯವರಿಗೆ. ತಾಮ್ರ ಅಷ್ಟು ಸುಲಭವಾಗಿ ನೀರಿನಲ್ಲಿ ಕರಗಿ ಹೋಗುವುದಿಲ್ಲ. ಎಲೆಗೊಬ್ಬರದ ಕಪ್ಪು ಮಣ್ಣು ಅದನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಕೀಟನಾಶಕ ಕಾಲ ಕಳೆದಂತೆ ಒಡೆದು ಬೇರೆಯಾಗುತ್ತದೆ, ಲೋಹ ಹಾಗಲ್ಲ. ಹಾಕಿದ್ದು ಹೆಚ್ಚುಕಡಿಮೆ ಮೇಲಿನ ಅರ್ಧ ಅಡಿಯಲ್ಲೇ ಇರುತ್ತದೆ. ಹೋಗುವುದಿದ್ದರೆ ಮಣ್ಣಿನ ಸಮೇತ ಕೊಚ್ಚಿ ಹೋಗಬೇಕು.

ಈಗ ಲೆಕ್ಕ. 1 ಕೆಜಿ ಮೈಲುತುತ್ತದಲ್ಲಿ ಸುಮಾರು 255 ಗ್ರಾಂ ತಾಮ್ರ ಇದೆ. ಎಲೆ ತುಕ್ಕಿಗೆ ನಾವು ಹೊಡೆಯುವುದು ಅರ್ಧ ಪರ್ಸೆಂಟ್ ಬೋರ್ಡೋ, ಅಂದರೆ 200 ಲೀಟರ್ ಬ್ಯಾರಲ್‌ಗೆ 1 ಕೆಜಿ ಮೈಲುತುತ್ತ. ಎಕರೆಗೆ 3 ಬ್ಯಾರಲ್ ಎಂದಿಟ್ಟುಕೊಳ್ಳಿ. ಒಂದು ಸಲಕ್ಕೆ ಮುಕ್ಕಾಲು ಕೆಜಿ ತಾಮ್ರ ಬಿತ್ತು. ವರ್ಷಕ್ಕೆ ಎರಡು ಸಲ ಎಂದರೆ ಒಂದೂವರೆ ಕೆಜಿ. 40 ವರ್ಷಕ್ಕೆ 60 ಕೆಜಿ.

ಒಂದು ಎಕರೆಯ ಮೇಲಿನ 15 ಸೆಂಟಿಮೀಟರ್ ಮಣ್ಣು ಸುಮಾರು 8 ಲಕ್ಷ ಕೆಜಿ ತೂಗುತ್ತದೆ. ಅದಕ್ಕೆ 60 ಕೆಜಿ ತಾಮ್ರ ಹಂಚಿದರೆ ಪ್ರತಿ ಕೆಜಿ ಮಣ್ಣಿಗೆ 75 ಮಿಲಿಗ್ರಾಂ ಬರುತ್ತದೆ. ಇದು ನಾವು ಹಾಕಿದ್ದು ಮಾತ್ರ. ಮಣ್ಣಿನಲ್ಲಿ ಮೊದಲೇ ಇದ್ದದ್ದು ಬೇರೆ. ಬೆಳೆಯ ಜೊತೆ ಹೊರಗೆ ಹೋಗುವುದು ಗ್ರಾಂ ಲೆಕ್ಕದಲ್ಲಿ, ಅದನ್ನು ಕಳೆದರೂ ಲೆಕ್ಕ ಬದಲಾಗುವುದಿಲ್ಲ.

ಇದು ಜಾಸ್ತಿಯಾ? ಹೋಲಿಸಿ ನೋಡಲು ಒಂದು ಅಳತೆ ಹೇಳುತ್ತೇನೆ. ಯುರೋಪಿನಲ್ಲಿ ಕೊಳಚೆ ಗೊಬ್ಬರ ಹಾಕುವ ಹೊಲದ ಮಣ್ಣಿಗೆ ಹಾಕಿರುವ ತಾಮ್ರದ ಮಿತಿ ಕೆಜಿಗೆ 50ರಿಂದ 140 ಮಿಲಿಗ್ರಾಂ. ಅದೂ ಪಿಎಚ್ (ಮಣ್ಣಿನ ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) 6 ದಾಟಿದ ಮಣ್ಣಿಗೆ. ನಮ್ಮದು ಅದಕ್ಕಿಂತ ಹುಳಿ ಮಣ್ಣು. ಹಾಗಾಗಿ ಹುದಿಕೇರಿಯವರ ಚಿಂತೆ ಸರಿಯಾದದ್ದೇ. ಆದರೆ ಚಿಂತೆ ಮಾಡಬೇಕಾದ ಜಾಗ ಅವರು ಅಂದುಕೊಂಡಿರುವುದಲ್ಲ. ಎಲೆಗಿಂತ ಮೊದಲು ಬೇರು ನೋಡಬೇಕು.

ಹುದಿಕೇರಿ ತೋಟ:
ಬೇರು ಅಂದರೆ? ಸ್ವಲ್ಪ ಬಿಡಿಸಿ ಹೇಳಿ.

ಮಣ್ಣು ಪರೀಕ್ಷೆ:
ಟೀ ಗಿಡ ತಾಮ್ರ, ಸೀಸ, ಕ್ಯಾಡ್ಮಿಯಂ ಮೂರನ್ನೂ ಹೆಚ್ಚಾಗಿ ಬೇರಿನಲ್ಲೇ ತಡೆದಿಟ್ಟುಕೊಳ್ಳುತ್ತದೆ. ಎರಡೆಲೆ ಒಂದು ಕುಡಿಗೆ ಏರುವುದು ಸ್ವಲ್ಪ. ಅಷ್ಟೇ ಅಲ್ಲ, ಟೀಗೆ ತಾಮ್ರ ಬೇಕೇ ಬೇಕು. ಹಸಿರೆಲೆ ಹುಳಿತು ಕಪ್ಪು ಟೀ ಆಗಲು ಕೆಲಸ ಮಾಡುವ ಕಿಣ್ವದ ಒಳಗಿರುವುದೇ ತಾಮ್ರ. ತಾಮ್ರದ ಕೊರತೆ ಇರುವ ಗಿಡದ ಎಲೆ ಸರಿಯಾಗಿ ಬಣ್ಣ ತಿರುಗುವುದಿಲ್ಲ.

ನಮ್ಮ ದೇಶದಲ್ಲಿ ಟೀ ಪುಡಿಗೆ ತಾಮ್ರದ ಮಿತಿ ಕೆಜಿಗೆ 150 ಮಿಲಿಗ್ರಾಂ, ಸೀಸದ ಮಿತಿ 10 ಮಿಲಿಗ್ರಾಂ. ಚೀನಾದಲ್ಲಿ ಸೀಸಕ್ಕೆ 5. ದಕ್ಷಿಣ ಭಾರತದ ಟೀ ಪುಡಿಗಳನ್ನು ಇಲ್ಲಿನ ತೋಟಗಾರರ ಸಂಘ ಉಪಾಸಿಯ ಟೀ ಸಂಶೋಧನಾ ಸಂಸ್ಥೆಯವರು ಪರೀಕ್ಷಿಸಿದಾಗ ಈ ಲೋಹಗಳು ಮಿತಿಯ ಒಳಗೇ ಇದ್ದವು. ಅಂದರೆ ಕಪ್‌ಗೆ ಬರುವ ಮೊದಲೇ ಗಿಡ ಒಂದು ಜರಡಿ ಹಿಡಿದಿರುತ್ತದೆ.

ಆದರೆ ಆ ಜರಡಿಯ ಬೆಲೆ ಕೊಡುವುದು ಬೇರು. ತಾಮ್ರ ಮೇಲಿನ ಮಣ್ಣಿನಲ್ಲಿ ಜಾಸ್ತಿಯಾದರೆ ಎಳೆ ಬೇರು ಗಿಡ್ಡವಾಗಿ ದಪ್ಪಗಾಗುತ್ತದೆ, ಪಕ್ಕದ ಸಣ್ಣ ಬೇರು ಒಡೆಯುವುದಿಲ್ಲ. ಎರೆಹುಳು ಕಡಿಮೆಯಾಗುತ್ತದೆ. ಬೇರಿಗೆ ರಂಜಕ ಒದಗಿಸುವ ಶಿಲೀಂಧ್ರಗಳೂ ಸೊರಗುತ್ತವೆ. ಕಟಿಂಗ್‌ನಿಂದ ಬೆಳೆಸಿದ ಟೀ ಸಸಿಗೆ ತಾಯಿಬೇರು ಇರುವುದಿಲ್ಲ. ಇರುವ ಬೇರೆಲ್ಲ ಮೊದಲ ವರ್ಷ ಆ ಅರ್ಧ ಅಡಿಯಲ್ಲೇ. ತಾಮ್ರ ಕೂತಿರುವುದೂ ಅಲ್ಲೇ.

ಕೂನೂರು ಟೀ:
ನಾನು ನೀಲಗಿರಿಯಲ್ಲಿ ಟೀ ತೋಟದಲ್ಲಿ ಕೆಲಸ ಮಾಡುತ್ತೇನೆ. ಮೂಲ ಊರು ಕೊಡಗೇ. ಮೇಲಿನವರು ಹೇಳಿದ್ದಕ್ಕೆ ಎರಡು ಮಾತು ಸೇರಿಸುತ್ತೇನೆ.

ಒಂದು, ಟೀ ಪುಡಿಯಲ್ಲಿ ಸಿಗುವ ಲೋಹ ಎಲ್ಲವೂ ಮಣ್ಣಿನದ್ದಲ್ಲ. ಮಳೆಗಾಲದಲ್ಲಿ ಎಲೆಗೆ ಬೊಬ್ಬೆ ರೋಗ ಬರುತ್ತದೆ, ನಾವು ಬ್ಲಿಸ್ಟರ್ ಬ್ಲೈಟ್ ಎನ್ನುತ್ತೇವೆ. ಅದಕ್ಕೆ ಕಾಪರ್ ಆಕ್ಸಿಕ್ಲೋರೈಡ್ ಹೊಡೆಯುತ್ತೇವೆ. ಅದು ಬೀಳುವುದು ನೇರವಾಗಿ ಕೀಳುವ ಎಲೆಯ ಮೇಲೆ. ನಾಲ್ಕೂವರೆ ಕೆಜಿ ಹಸಿರೆಲೆ ಒಣಗಿ 1 ಕೆಜಿ ಪುಡಿ ಆಗುತ್ತದೆ, ಎಲೆಯ ಮೇಲಿದ್ದದ್ದೂ ಅಷ್ಟೇ ಪಟ್ಟು ಗಟ್ಟಿಯಾಗುತ್ತದೆ. ಸೀಸ ಜಾಸ್ತಿ ಬರುವುದು ರಸ್ತೆ ಧೂಳು, ಹೊಗೆಯಿಂದ. 2000ದಲ್ಲಿ ಸೀಸದ ಪೆಟ್ರೋಲ್ ನಿಂತಿತು, ಆದರೆ ಹಳೆ ರಸ್ತೆ ಬದಿಯ ಮಣ್ಣಿನಲ್ಲಿ ಬಿದ್ದದ್ದು ಎಲ್ಲಿಗೂ ಹೋಗಿಲ್ಲ. ಕ್ರೋಮಿಯಂ ಅಂತೂ ಫ್ಯಾಕ್ಟರಿಯಲ್ಲೇ ಸೇರುತ್ತದೆ. ಎಲೆಯನ್ನು ಅರೆದು ಹರಿಯುವ ಸಿಟಿಸಿ ರೋಲರ್‌ನ ಹಲ್ಲು ಸವೆದಂತೆ ಉಕ್ಕಿನ ಚೂರು ಎಲೆಗೆ ಬರುತ್ತದೆ. ಅದಕ್ಕೇ ಕೊನೆಯಲ್ಲಿ ಆಯಸ್ಕಾಂತದ ಮೇಲೆ ಪುಡಿ ಹಾಯಿಸುವುದು. ಕಬ್ಬಿಣದ ಚೂರಿಗೆ ಸರ್ಕಾರ ಮಿತಿ ಇಟ್ಟಿರುವುದೂ ಇದೇ ಕಾರಣಕ್ಕೆ.

ಇನ್ನೊಂದು, ಅಲ್ಯುಮಿನಿಯಂ. ಟೀ ಗಿಡದ ವಿಶೇಷವೇ ಅದು. ಬೇರೆ ಬೆಳೆಯ ಬೇರನ್ನು ಸುಡುವ ಅಲ್ಯುಮಿನಿಯಂ ಟೀಗೆ ಒಗ್ಗುತ್ತದೆ. ಹಳೆ ಎಲೆಯಲ್ಲಿ ಕೆಜಿಗೆ ಸಾವಿರಾರು ಮಿಲಿಗ್ರಾಂ ಕೂಡಿಟ್ಟುಕೊಳ್ಳುತ್ತದೆ. ಎಳೆ ಕುಡಿಯಲ್ಲಿ ಕಡಿಮೆ. ಫ್ಲೋರೈಡ್ ಕೂಡ ಹಾಗೆಯೇ. ಬಲಿತ ಎಲೆ ಸೇರಿಸಿ ಮಾಡಿದ ಅಗ್ಗದ ಪುಡಿ ಬೇಡ ಎನ್ನುವುದಕ್ಕೆ ರುಚಿ ಮಾತ್ರ ಕಾರಣವಲ್ಲ.

ಸುಂಟಿಕೊಪ್ಪ ಮೆಣಸು:
ಹಾಗಾದರೆ ಸುಣ್ಣ ಹಾಕಿ ಪಿಎಚ್ ಏರಿಸಿದರೆ ಆಯಿತಲ್ಲ. ಕಾಫಿಗೆ ನಾವು ಮಾಡುವುದು ಅದೇ. ಅಲ್ಲದೆ ಬೋರ್ಡೋದಲ್ಲೇ ಸುಣ್ಣ ಇದೆ. ಅಷ್ಟು ವರ್ಷದ ಸುಣ್ಣವೂ ಮಣ್ಣಿಗೆ ಸೇರಿದೆ ಅಲ್ವಾ?

ಮಣ್ಣು ಪರೀಕ್ಷೆ:
ಬೋರ್ಡೋದ ಸುಣ್ಣ ಒಂದು ಸಲಕ್ಕೆ ಎಕರೆಗೆ ಮೂರು ಕೆಜಿ. ಪಿಎಚ್ ಏರಿಸಬೇಕಾದರೆ ಒಂದೇ ಸಲಕ್ಕೆ ನೂರಾರು ಕೆಜಿ ಬೇಕು. ಅದರಿಂದ ಏನೂ ಆಗಿರುವುದಿಲ್ಲ.

ಸುಣ್ಣದ ಮಾತು ಕಾಫಿಗೆ ಸರಿ. ಕಾಫಿಗೆ ಪಿಎಚ್ 6ರ ಸುತ್ತಮುತ್ತ ಬೇಕು. ಅಲ್ಲಿ ತಾಮ್ರ, ಕ್ಯಾಡ್ಮಿಯಂ, ಸೀಸ ಎಲ್ಲ ಮಣ್ಣಿಗೆ ಅಂಟಿಕೊಂಡು ಸುಮ್ಮನಿರುತ್ತವೆ. ಟೀಗೆ ಬೇಕಾದದ್ದು 4.5ರಿಂದ 5.5. ಅದಕ್ಕಿಂತ ಏರಿಸಿದರೆ ಟೀ ಏಳುವುದಿಲ್ಲ. ಅಂದರೆ ಟೀ ಬಯಸುವ ಹುಳಿಯಲ್ಲೇ ಲೋಹ ಸಡಿಲವಾಗುತ್ತದೆ. ಇದು ಟೀ ಮಣ್ಣಿನ ಮೂಲ ತೊಂದರೆ. ಮೇಲೆ ಯೂರಿಯಾ, ಅಮೋನಿಯಂ ಸಲ್ಫೇಟ್ ಸುರಿದಷ್ಟೂ ಪಿಎಚ್ ಇನ್ನೂ ಇಳಿಯುತ್ತದೆ. ಹಳೆ ಟೀ ತೋಟದಲ್ಲಿ 4ಕ್ಕಿಂತ ಕೆಳಗೆ ಹೋಗುವುದೂ ಇದೆ. 4.5ಕ್ಕಿಂತ ಕೆಳಗೆ ಇಳಿಯಲು ಬಿಡಬಾರದು. ಸವರಿದ ವರ್ಷ ಡಾಲಮೈಟ್ ಹಾಕುವುದು ಅದಕ್ಕೇ.

ಹುದಿಕೇರಿಯವರ ಜಾಗದಲ್ಲಿ ನನಗೆ ಹೆಚ್ಚು ಭಯ ಇರುವುದು ಬೇರೆ ಕಡೆ. ಅಲ್ಲಿ ಇಷ್ಟು ವರ್ಷ ನೆರಳು ಮರ ಇತ್ತು. ಬಳಂಜಿ, ಅತ್ತಿ, ಹಲಸು, ಹಾಲುವಾಣದ ಎಲೆ ಬಿದ್ದು ಬಿದ್ದು ಕಪ್ಪು ಮಣ್ಣು ಆಗಿದೆ. ತಾಮ್ರವನ್ನು ಹಿಡಿದು ಕೂರಿಸಿರುವುದು ಅದು. ಟೀಗಾಗಿ ಮರ ಕಡಿದು ಸಿಲ್ವರ್ ಓಕ್ ಮಾತ್ರ ಬಿಟ್ಟರೆ ಬಿಸಿಲು ನೆಲಕ್ಕೆ ಬೀಳುತ್ತದೆ. ಎಲೆಗೊಬ್ಬರ ಕೆಲವೇ ವರ್ಷದಲ್ಲಿ ಕರಗುತ್ತದೆ. ಅದೇ ಹೊತ್ತಿಗೆ ಸಾರಜನಕದ ಗೊಬ್ಬರ ಹಾಕಿ ಹುಳಿ ಹೆಚ್ಚಿಸುತ್ತೇವೆ. ಹಿಡಿದುಕೊಂಡಿದ್ದ ಕೈ ಸಡಿಲವಾದಾಗ ತಾಮ್ರ ಬೇರಿಗೆ ಸಿಗುತ್ತದೆ. ಅಜ್ಜ ಹಾಕಿದ ತಾಮ್ರ ಅಷ್ಟೇ ಇರುತ್ತದೆ, ನಾವು ಈಗ ಏನು ಮಾಡುತ್ತೇವೆ ಎನ್ನುವುದರ ಮೇಲೆ ಅದು ಗಿಡಕ್ಕೆ ಸಿಗುವ ಪ್ರಮಾಣ ನಿಂತಿದೆ.

ಸುಂಟಿಕೊಪ್ಪ ಮೆಣಸು:
ಇದು ಯಾರೂ ಹೇಳಿರಲಿಲ್ಲ. ನಮ್ಮದು ರೋಬಸ್ಟಾ, ಎಲೆ ತುಕ್ಕಿನ ಕಾಟ ಇಲ್ಲ, ಹಾಗಾಗಿ ನಮಗೆ ತಾಮ್ರದ ಲೆಕ್ಕ ಬೇಡ ಎಂದುಕೊಂಡಿದ್ದೆವು. ಆದರೆ ಮೆಣಸಿನ ಬಳ್ಳಿಗೆ ಸೊರಗು ರೋಗ ಬಾರದಂತೆ ಬುಡಕ್ಕೆ ಕಾಪರ್ ಆಕ್ಸಿಕ್ಲೋರೈಡ್ ಸುರಿಯುತ್ತೇವೆ, ಬಳ್ಳಿಗೆ ಬೋರ್ಡೋ ಹೊಡೆಯುತ್ತೇವೆ. ಅದೂ ಇದೇ ಲೆಕ್ಕಕ್ಕೆ ಬರುತ್ತದಾ?

ಮಣ್ಣು ಪರೀಕ್ಷೆ:
ಬರುತ್ತದೆ. ಅಲ್ಲಿ ಇನ್ನೂ ಒತ್ತಾಗಿ ಬರುತ್ತದೆ. ಔಷಧಿ ಎಕರೆ ತುಂಬ ಹರಡುವುದಿಲ್ಲ, ಬುಡದಲ್ಲೇ ನಿಲ್ಲುತ್ತದೆ.

50 ಪರ್ಸೆಂಟ್‌ನ ಪುಡಿಯನ್ನು ಲೀಟರಿಗೆ 2 ಗ್ರಾಂ ಕಲಸಿದರೆ ಅದರಲ್ಲಿ ತಾಮ್ರ 1 ಗ್ರಾಂ. ಬಳ್ಳಿಗೆ 5 ಲೀಟರ್ ಸುರಿದರೆ 5 ಗ್ರಾಂ. ಬುಡದ ಸುತ್ತ ಮುಕ್ಕಾಲು ಮೀಟರ್ ಪಾತಿ, ಅರ್ಧ ಅಡಿ ಆಳ ಎಂದು ಹಿಡಿದರೆ ಅಲ್ಲಿರುವ ಮಣ್ಣು ಮುನ್ನೂರ ಚಿಲ್ಲರೆ ಕೆಜಿ. ಒಂದು ಸಲ ಸುರಿದರೆ ಕೆಜಿ ಮಣ್ಣಿಗೆ ಸುಮಾರು 15 ಮಿಲಿಗ್ರಾಂ ಸೇರಿತು. ಅರೇಬಿಕಾ ತೋಟಕ್ಕೆ ಎಂಟು ವರ್ಷ ಹೊಡೆದರೆ ಸೇರುವಷ್ಟು ಇಲ್ಲಿ ಒಂದೇ ಸಲಕ್ಕೆ. ಬಳ್ಳಿ ಸತ್ತಾಗ ಅದೇ ಗುಂಡಿಗೆ ಹೊಸ ಕಡ್ಡಿ ನೆಡುತ್ತೇವೆ. ಎರಡು ಸಲ ನೆಟ್ಟರೂ ಏಳಲಿಲ್ಲ ಎಂದು ಮಣ್ಣು ತರುವವರಿಗೆ ನಾನು ಬುಡದ ಮಣ್ಣನ್ನೂ ಸಾಲಿನ ಮಧ್ಯದ ಮಣ್ಣನ್ನೂ ಬೇರೆ ಬೇರೆ ತರಲು ಹೇಳುತ್ತೇನೆ. ರೋಗ ಇದ್ದೀತು, ತಾಮ್ರ ಇದ್ದೀತು, ಎರಡೂ ಇದ್ದೀತು. ನೋಡದೆ ಮತ್ತೆ ತಾಮ್ರ ಸುರಿಯುವುದು ಬೇಡ.

ಸೊರಗು ರೋಗಕ್ಕೆ ತಾಮ್ರ ಒಂದೇ ದಾರಿ ಅಲ್ಲ. ನೀರು ನಿಲ್ಲದ ಹಾಗೆ ಚರಂಡಿ, ಮಳೆಗೆ ಮೊದಲು ನೆರಳು ತೆಗೆಯುವುದು, ಟ್ರೈಕೋಡರ್ಮಾ, ಪೊಟ್ಯಾಸಿಯಂ ಫಾಸ್ಫೊನೇಟ್ ಇವೆ. ಟ್ರೈಕೋಡರ್ಮಾ ಹಾಕಿದ ಬುಡಕ್ಕೇ ತಾಮ್ರ ಸುರಿಯಬೇಡಿ, ಅದೂ ಶಿಲೀಂಧ್ರವೇ.

ಗದ್ದೆ ಬದಿ:
ನಾನು ಲಕ್ಷ್ಮಣತೀರ್ಥದ ಹತ್ತಿರದವಳು. ನಮಗೆ ತೋಟ ಕಡಿಮೆ, ಗದ್ದೆ ಜಾಸ್ತಿ. ಮೇಲಿನ ತೋಟದಿಂದ ಬರುವ ನೀರೇ ನಮ್ಮ ಗದ್ದೆಗೆ.

ಬೋರ್ಡೋ ಕಲಸುವ ಜಾಗದ ಬಗ್ಗೆ ಯಾರೂ ಮಾತಾಡಲಿಲ್ಲ. ನಮ್ಮ ಮೇಲಿನ ತೋಟದಲ್ಲಿ ತೋಡಿನ ಪಕ್ಕ ಒಂದು ಸಿಮೆಂಟ್ ಕಟ್ಟೆ ಇದೆ. ನೀರು ಹತ್ತಿರ ಎಂದು ಅಲ್ಲೇ ಬ್ಯಾರಲ್ ಇಡುತ್ತಾರೆ. ಕಟ್ಟೆಯ ಸುತ್ತ ಕಲ್ಲಿಗೆ ತಿಳಿ ನೀಲಿ ಬಣ್ಣ ಹತ್ತಿದೆ, ಉಜ್ಜಿದರೂ ಹೋಗುವುದಿಲ್ಲ. ಬಟ್ಟೆ ಸೋಸಿದ ಮೇಲೆ ಉಳಿಯುವ ಸುಣ್ಣದ ಗಸಿಯನ್ನು ಅಲ್ಲೇ ಚೆಲ್ಲುತ್ತಾರೆ. ಬ್ಯಾರಲ್ ತೊಳೆದ ನೀರು ತೋಡಿಗೆ. ಆ ಜಾಗದಲ್ಲಿ ಹುಲ್ಲು ಹುಟ್ಟುವುದಿಲ್ಲ, ಕೆಳಗೆ ಎರಡು ಮಾರು ದೂರದಲ್ಲಿ ಮಾತ್ರ ಕೆಸ ಬೆಳೆದಿದೆ. ಆ ಕೆಸದ ಎಲೆಯನ್ನು ಲೈನ್ ಮನೆಯ ಕೆಲಸದವರು ಮಳೆಗಾಲದಲ್ಲಿ ಪತ್ರೊಡೆಗೆ ಕೊಯ್ಯುತ್ತಾರೆ. ನಾನು ಬೇಡ ಎಂದು ಹೇಳಿದ್ದೇನೆ. ಗದ್ದೆಯಲ್ಲಿ ಮೊದಲಿನ ಹಾಗೆ ಏಡಿ, ಮೀನು ಇಲ್ಲ. ಅದಕ್ಕೆ ಇದೊಂದೇ ಕಾರಣ ಎಂದು ಹೇಳಲಾರೆ. ಆದರೆ ತೋಡಿಗೆ ಬ್ಯಾರಲ್ ತೊಳೆಯುವುದನ್ನು ನಿಲ್ಲಿಸಲು ಯಾವ ಪರೀಕ್ಷೆಯ ವರದಿಯೂ ಬೇಕಾಗಿಲ್ಲ. ಇದನ್ನು ನಾನು ತುಂಬ ಬೇಸರದಿಂದ ಬರೆಯುತ್ತಿದ್ದೇನೆ.

ಮಣ್ಣು ಪರೀಕ್ಷೆ:
ಗದ್ದೆ ಬದಿಯವರು ಹೇಳಿದ್ದು ನೂರಕ್ಕೆ ನೂರು ಸರಿ. ಮನುಷ್ಯರಿಗೆ ಏನೂ ಆಗದಷ್ಟು ಕಡಿಮೆ ತಾಮ್ರ ಮೀನಿನ ಮರಿಗೆ, ನೀರಿನ ಹುಳುಗಳಿಗೆ ವಿಷ. ಕುಡಿಯುವ ನೀರಿಗೆ ನಮ್ಮ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಾನದಂಡದಲ್ಲಿ ತಾಮ್ರಕ್ಕೆ ಲೀಟರಿಗೆ 0.05 ಮಿಲಿಗ್ರಾಂ ಎಂದಿದೆ. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5ರ ತನಕ. ಮೀನಿಗೆ ತೊಂದರೆ ಅದಕ್ಕಿಂತ ಬಹಳ ಕೆಳಗೇ ಶುರುವಾಗುತ್ತದೆ.

ಕಲಸುವ ಕಟ್ಟೆಯನ್ನು ತೋಡು, ಕೆರೆ, ಬಾವಿಯಿಂದ ದೂರ ಮಾಡಿ. ನೀರನ್ನು ಪೈಪಿನಲ್ಲಿ ಅಲ್ಲಿಗೆ ತನ್ನಿ. ಬ್ಯಾರಲ್ ತೊಳೆದ ನೀರನ್ನು ಮುಂದಿನ ಬ್ಯಾರಲ್‌ಗೆ ಹಾಕಿ, ಕೊನೆಯದನ್ನು ಗಿಡಕ್ಕೇ ಹೊಡೆದು ಮುಗಿಸಿ. ಸುಣ್ಣ ಚೆನ್ನಾಗಿ ಬೆಂದಿದ್ದರೆ ಗಸಿ ಕಡಿಮೆ ಬರುತ್ತದೆ. ಕಲಸಿದ ಮೇಲೆ ಹೊಳೆಯುವ ಚಾಕು ಅದ್ದಿ ನೋಡುವುದನ್ನು ಎಷ್ಟೋ ಜನ ಬಿಟ್ಟಿದ್ದಾರೆ. ಚಾಕುವಿಗೆ ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದರ್ಥ. ಹಾಗೇ ಹೊಡೆದರೆ ಎಲೆ ಸುಡುತ್ತದೆ.

ಕಕ್ಕಡ ಮನೆ:
ಕೆಸದ ಮಾತು ಬಂದದ್ದಕ್ಕೆ ಕೇಳುತ್ತೇನೆ. ಕಕ್ಕಡ ತಿಂಗಳ ಹದಿನೆಂಟಕ್ಕೆ, ಅಂದರೆ ಆಗಸ್ಟ್ ಮೊದಲ ವಾರದಲ್ಲಿ, ನಾವು ಮದ್ದು ಸೊಪ್ಪು ಕೊಯ್ಯುವುದು ತೋಟದ ಬದಿಯಿಂದಲೇ. ಆ ಹೊತ್ತಿಗೆ ಮಳೆಗೆ ಮೊದಲಿನ ಬೋರ್ಡೋ ಆಗಿರುತ್ತದೆ. ಮಕ್ಕಳೂ ಅದರ ಪಾಯಸ ತಿನ್ನುತ್ತಾರೆ. ಅಣಬೆ, ಕಣಿಲೆ (ಎಳೆ ಬಿದಿರು) ಕೂಡ ತೋಟದ್ದೇ. ತೊಂದರೆ ಇದೆಯಾ?

ಮಣ್ಣು ಪರೀಕ್ಷೆ:
ಮದ್ದು ಸೊಪ್ಪಿನ ವಿಷಯದಲ್ಲಿ ಮಣ್ಣಿಗಿಂತ ಎಲೆಯ ಮೇಲೆ ಬಿದ್ದದ್ದೇ ಮುಖ್ಯ. ಬೋರ್ಡೋ ಎಲೆಗೆ ಅಂಟಲೆಂದೇ ಮಾಡಿದ್ದು, ಮಳೆಗೂ ಪೂರ್ತಿ ತೊಳೆದು ಹೋಗುವುದಿಲ್ಲ. ಅರೇಬಿಕಾ ಸಾಲಿನ ಒಳಗಿನದ್ದು ಬಿಡಿ. ತೋಟ ಮಾಡದೆ ಬಿಟ್ಟ ಬಾಣೆಯಲ್ಲಿ, ಔಷಧಿ ಬೀಳದ ಕಡೆ ಕೊಯ್ಯಿರಿ. ಮನೆ ಹಿಂದೆ ನಾಲ್ಕು ಕಡ್ಡಿ ನೆಟ್ಟರೆ ಸುಲಭವಾಗಿ ಹತ್ತುತ್ತದೆ. ಕಣಿಲೆಯ ಬಗ್ಗೆ ಹೆದರಿಕೆ ಬೇಡ. ಅಣಬೆಯ ಬಗ್ಗೆ ಸ್ವಲ್ಪ ಎಚ್ಚರ ಬೇಕು. ಅಣಬೆ ಮಣ್ಣಿನ ಕ್ಯಾಡ್ಮಿಯಂ, ತಾಮ್ರವನ್ನು ಬೇರೆ ಗಿಡಕ್ಕಿಂತ ಜಾಸ್ತಿ ಎಳೆದುಕೊಳ್ಳುತ್ತದೆ. ಬೋರ್ಡೋ ಕಟ್ಟೆಯ ಸುತ್ತ, ಹಳೆ ಔಷಧಿ ಕೊಟ್ಟಿಗೆಯ ಪಕ್ಕ ಎದ್ದ ಅಣಬೆ ಮುಟ್ಟಬೇಡಿ.

ಬಾಣೆ ಮನೆ:
ತಾಮ್ರ ಬಿಟ್ಟು ಕ್ಯಾಡ್ಮಿಯಂ ಎಲ್ಲಿಂದ ಬರುತ್ತದೆ? ನಾವು ಅದನ್ನು ಹಾಕುವುದೇ ಇಲ್ಲವಲ್ಲ.

ಮಣ್ಣು ಪರೀಕ್ಷೆ:
ರಂಜಕದ ಗೊಬ್ಬರದ ಜೊತೆ ಬರುತ್ತದೆ. ರಾಕ್ ಫಾಸ್ಫೇಟ್ ಕಲ್ಲಿನಲ್ಲೇ ಸ್ವಲ್ಪ ಕ್ಯಾಡ್ಮಿಯಂ ಇರುತ್ತದೆ. ಯಾವ ಗಣಿಯ ಕಲ್ಲು ಎನ್ನುವುದರ ಮೇಲೆ ಪ್ರಮಾಣ ಬದಲಾಗುತ್ತದೆ. ಹುಳಿ ಮಣ್ಣಿಗೆ ರಾಕ್ ಫಾಸ್ಫೇಟ್ ಒಳ್ಳೆಯದು, ಟೀಗೂ ಕಾಫಿಗೂ ಅದನ್ನೇ ಹಾಕುತ್ತೇವೆ. ಬಿಡಬೇಕಾಗಿಲ್ಲ. ಮಣ್ಣಿನಲ್ಲಿ ರಂಜಕ ಸಾಕಷ್ಟು ಇದೆ ಎಂದು ವರದಿ ಹೇಳುತ್ತಿದ್ದರೂ ವರ್ಷ ವರ್ಷ ಹಾಕುವುದು ಬೇಡ, ಅಷ್ಟೇ.

ಇನ್ನು ಹೊರಗಿನಿಂದ ತರುವ ಕಾಂಪೋಸ್ಟ್. ನಗರದ ಕಸದಿಂದ ಮಾಡಿದ್ದಕ್ಕೆ ನಮ್ಮ ರಸಗೊಬ್ಬರ ನಿಯಂತ್ರಣ ಆದೇಶದಲ್ಲಿ ಸ್ಪಷ್ಟ ಮಿತಿ ಇದೆ. ಕೆಜಿಗೆ ಕ್ಯಾಡ್ಮಿಯಂ 5 ಮಿಲಿಗ್ರಾಂ, ಸೀಸ 100, ಕ್ರೋಮಿಯಂ 50, ನಿಕ್ಕಲ್ 50, ತಾಮ್ರ 300, ಪಾದರಸ 0.15. ಲೋಡ್ ಇಳಿಸುವ ಮೊದಲು ಆ ಬ್ಯಾಚ್‌ನ ವರದಿ ಕೇಳಿ. ಕೋಳಿ ಗೊಬ್ಬರದಲ್ಲೂ ತಾಮ್ರ, ಸತು ಇರುತ್ತದೆ, ಕೋಳಿ ಆಹಾರಕ್ಕೆ ಸೇರಿಸುವುದರಿಂದ.

ಬಾಣೆ ಮನೆ:
ವರದಿ ಕೇಳಿದೆ, ಹೋದ ವರ್ಷ. ವ್ಯಾಪಾರಿ ಕೊಟ್ಟ ಹಾಳೆಯಲ್ಲಿ ಸಾರಜನಕ, ರಂಜಕ, ಪೊಟ್ಯಾಷ್ ಬಿಟ್ಟು ಬೇರೆ ಒಂದು ಸಾಲೂ ಇರಲಿಲ್ಲ. ಗೊಬ್ಬರದಲ್ಲಿ ಬ್ಯಾಟರಿ ಸೆಲ್‌ನ ತಗಡು ಸಿಕ್ಕಿತು. ಲೋಡ್ ವಾಪಸ್ ಕಳಿಸಿದೆವು. ಅಡ್ವಾನ್ಸ್ ಮಾತ್ರ ಬರಲಿಲ್ಲ.

ಗದ್ದೆ ಬದಿ:
ವಾಪಸ್ ಕಳಿಸಿದ್ದೇ ಒಳ್ಳೆಯದಾಯಿತು. ಪಾದರಸದ ಮಾತು ಬಂತು. ಗದ್ದೆಯನ್ನು ಶುಂಠಿಗೆ ಗುತ್ತಿಗೆ ಕೊಟ್ಟವರು ಇಲ್ಲಿ ಬಹಳ ಜನ ಇದ್ದಾರೆ. ಹಿಂದೆ ಬಿತ್ತನೆ ಗಡ್ಡೆಗೆ ಪಾದರಸದ ಔಷಧಿ ಅದ್ದುತ್ತಿದ್ದರು. ಅದನ್ನು ಸರ್ಕಾರ 2018ರಲ್ಲಿ ನಿಷೇಧಿಸಿದೆ. ಹಳೆ ಡಬ್ಬಿ ಕೊಟ್ಟಿಗೆಯಲ್ಲಿ ಉಳಿದಿದ್ದರೆ ಬಳಸಬೇಡಿ, ತೋಡಿಗೂ ಎಸೆಯಬೇಡಿ.

ಮಕ್ಕಂದೂರು:
ನಮ್ಮ ಕಡೆ 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿತು. ಮೇಲ್ಮಣ್ಣು ಪೂರ್ತಿ ಹೋಗಿ ಕೆಂಪು ಮಣ್ಣು ಉಳಿದಿದೆ. ಅಂತಹ ಜಾಗದಲ್ಲಿ ತಾಮ್ರದ ತೊಂದರೆ ಇಲ್ಲ ಎಂದಾಯಿತಾ?

ಮಣ್ಣು ಪರೀಕ್ಷೆ:
ತಾಮ್ರ ಮೇಲ್ಮಣ್ಣಿನ ಜೊತೆ ಹೋಗಿದೆ, ಹೌದು. ಎಲೆಗೊಬ್ಬರವೂ ಹೋಗಿದೆ. ಉಳಿದ ಕೆಂಪು ಮಣ್ಣು ಹುಳಿ, ಅದರಲ್ಲಿ ಅಲ್ಯುಮಿನಿಯಂ ಸಡಿಲವಾಗಿರುತ್ತದೆ. ಕಾಫಿ ಸಸಿಯ ಬೇರು ಅಲ್ಲಿ ಕುಂಟುತ್ತದೆ. ಮೊದಲು ಸೊಪ್ಪು, ಕೊಟ್ಟಿಗೆ ಗೊಬ್ಬರ, ಸುಣ್ಣ. ಆಮೇಲೆ ಗಿಡ. ಜಾರಿದ ಮಣ್ಣು ಹೋಗಿ ಕೂತ ಕೆಳಗಿನ ಗದ್ದೆಯನ್ನು ಬೇರೆಯಾಗಿ ಪರೀಕ್ಷಿಸಿ.

ಸೋಮವಾರಪೇಟೆ ಅರೇಬಿಕಾ:
ಹಾಗಾದರೆ ಬೋರ್ಡೋ ಬಿಡಬೇಕಾ? ಎಲೆ ತುಕ್ಕು ಬಂದು ಎಲೆ ಉದುರಿದರೆ ಮುಂದಿನ ವರ್ಷದ ಫಸಲೇ ಇಲ್ಲ. ಅದು ಗೊತ್ತಿದ್ದು ಬಿಡಿ ಎಂದರೆ ಹೇಗೆ?

ಮಣ್ಣು ಪರೀಕ್ಷೆ:
ಬಿಡಿ ಎಂದು ನಾನು ಹೇಳುವುದಿಲ್ಲ. 1885ರಲ್ಲಿ ಫ್ರಾನ್ಸಿನ ದ್ರಾಕ್ಷಿ ತೋಟದಲ್ಲಿ ಶುರುವಾದ ಔಷಧಿ ಇವತ್ತಿಗೂ ಕೆಲಸ ಮಾಡುತ್ತಿದೆ, ರೋಗ ಅದಕ್ಕೆ ಒಗ್ಗಿಕೊಂಡಿಲ್ಲ. ಆದರೆ ಅದೇ ಯುರೋಪಿನಲ್ಲಿ ಈಗ ಹೆಕ್ಟೇರಿಗೆ 7 ವರ್ಷಕ್ಕೆ 28 ಕೆಜಿಗಿಂತ ಹೆಚ್ಚು ತಾಮ್ರ ಹಾಕುವಂತಿಲ್ಲ. ಎಕರೆಗೆ ವರ್ಷಕ್ಕೆ ಸುಮಾರು 1.6 ಕೆಜಿ ಆಯಿತು. ನಾನು ಮೇಲೆ ಲೆಕ್ಕ ಹಾಕಿದ ಎರಡು ಸಲದ ಬೋರ್ಡೋ ಒಂದೂವರೆ ಕೆಜಿ. ಮೂರನೇ ಸಲ ಹೊಡೆದರೆ ದಾಟಿತು. ಮೆಣಸಿನ ಬುಡಕ್ಕೆ ಸುರಿದದ್ದು ಸೇರಿದರೆ ಎರಡೇ ಸಲಕ್ಕೆ ದಾಟಿತು. ಆ ಮಿತಿ ನಮಗೆ ಕಾನೂನಲ್ಲ, ಆದರೆ ಅಳತೆಗೆ ಒಳ್ಳೆಯದು.

ಎಲ್ಲ ಗಿಡಕ್ಕೂ ಒಂದೇ ಹದ ಬೇಡ. ಚಂದ್ರಗಿರಿ ತಳಿ 2007ರಲ್ಲಿ ಬಂದದ್ದು, ತುಕ್ಕನ್ನು ಚೆನ್ನಾಗಿ ತಡೆಯುತ್ತದೆ. ಹಳೆ ಎಸ್ 795ಕ್ಕೆ ಬೇಕಾದಷ್ಟು ಔಷಧಿ ಅದಕ್ಕೆ ಬೇಡ. ಎರಡೂ ಇರುವ ತೋಟದಲ್ಲಿ ಪಂಪ್ ಹಿಡಿದವರು ಎಲ್ಲಕ್ಕೂ ಒಂದೇ ಸಮ ಹೊಡೆದು ಬರುತ್ತಾರೆ. ಸಾಲು ತೋರಿಸಿ ಕೆಲಸ ಹಚ್ಚಿದರೆ ಅಲ್ಲೇ ಎಷ್ಟೋ ಉಳಿಯುತ್ತದೆ.

ಹುದಿಕೇರಿ ತೋಟ:
ಎಲ್ಲವನ್ನೂ ಓದಿದೆ. ಮಣ್ಣು ಪರೀಕ್ಷೆಗೆ ಹೇಗೆ ತೆಗೆಯಬೇಕು? ಹಿಂದೆ ಒಂದು ಖಾಸಗಿ ಲ್ಯಾಬ್‌ನಿಂದ ವರದಿ ತರಿಸಿದ್ದೆವು. ತಾಮ್ರ ಎಂದು ಒಂದು ಅಂಕಿ ಇತ್ತು. ಅದು ಒಟ್ಟು ತಾಮ್ರವೋ ಗಿಡಕ್ಕೆ ಸಿಗುವುದೋ ಎಂದು ಕೇಳಿದರೆ ಉತ್ತರ ಬರಲಿಲ್ಲ.

ಮಣ್ಣು ಪರೀಕ್ಷೆ:
ಅದನ್ನೇ ಮೊದಲು ಕೇಳಬೇಕು. ಮಾಮೂಲಿ ವರದಿಯಲ್ಲಿ ಬರುವುದು ಡಿಟಿಪಿಎ ವಿಧಾನದ್ದು, ಗಿಡಕ್ಕೆ ಸಿಗುವ ಭಾಗ ಮಾತ್ರ. ಗಟ್ಟಿ ಆಸಿಡ್‌ನಲ್ಲಿ ಕುದಿಸಿ ತೆಗೆದದ್ದು ಒಟ್ಟು. ಎರಡೂ ಬೇಕು. ನಾನು ಹೇಳಿದ 75, 140 ಎಲ್ಲ ಒಟ್ಟು ಲೆಕ್ಕ. ಅದರ ಜೊತೆ ಡಿಟಿಪಿಎ ಅಂಕಿ ಹೋಲಿಸಿದರೆ ತಪ್ಪಾಗುತ್ತದೆ. ಜೊತೆಗೆ ಪಿಎಚ್, ಸಾವಯವ ಇಂಗಾಲ ಕೂಡ ಕೇಳಿ.

ತೆಗೆಯುವ ಕ್ರಮ ಹೀಗೆ. ಮಳೆ ಬಿಟ್ಟ ಮೇಲೆ, ಗೊಬ್ಬರ ಹಾಕುವ ಮೊದಲು. ಸುಣ್ಣ, ಗೊಬ್ಬರ ಹಾಕಿ ಎರಡು ಮೂರು ತಿಂಗಳಾದರೂ ಆಗಿರಬೇಕು. ಮೇಲಿನ ಒಣ ಎಲೆ ಸರಿಸಿ ಇಂಗ್ಲಿಷಿನ ವಿ ಆಕಾರಕ್ಕೆ ಗುಂಡಿ ತೋಡಿ. ಗೋಡೆಯ ಒಂದು ಬದಿಯಿಂದ ಮೇಲಿನಿಂದ ಕೆಳಗೆ 9 ಇಂಚಿನ ತನಕ ಒಂದೇ ದಪ್ಪಕ್ಕೆ ಕೆರೆಯಿರಿ. ತಾಮ್ರ ನೋಡಲು ಮೇಲಿನ 6 ಇಂಚು, ಅದರ ಕೆಳಗಿನ 6 ಇಂಚು ಬೇರೆ ಬೇರೆ ತೆಗೆದರೆ ಇನ್ನೂ ಒಳ್ಳೆಯದು. ಜಿಂಕ್ ಬಕೆಟ್ ಬೇಡ, ಅದರಿಂದಲೇ ಸತು ಸೇರುತ್ತದೆ. ಹಿತ್ತಾಳೆ, ತಾಮ್ರದ ಪಾತ್ರೆ ಬೇಡ. ಪ್ಲಾಸ್ಟಿಕ್ ಬುಟ್ಟಿ ಸಾಕು. ಹತ್ತು ಹದಿನೈದು ಕಡೆಯದ್ದು ಸೇರಿಸಿ ನೆರಳಲ್ಲಿ ಒಣಗಿಸಿ, ನಾಲ್ಕು ಭಾಗ ಮಾಡಿ ಎದುರು ಬದುರಿನ ಎರಡನ್ನು ಇಟ್ಟುಕೊಳ್ಳುತ್ತಾ ಅರ್ಧ ಕೆಜಿಗೆ ಇಳಿಸಿ. ಬೋರ್ಡೋ ಕಟ್ಟೆ, ರಸ್ತೆ ಬದಿ, ಗೊಬ್ಬರ ಗುಂಡಿಯ ಮಣ್ಣನ್ನು ಇದಕ್ಕೆ ಸೇರಿಸಬೇಡಿ. ಬಾಣೆಯ ಮುಟ್ಟದ ಮಣ್ಣು ಒಂದು ಚೀಲ ಬೇರೆ ತನ್ನಿ. ನಿಮ್ಮ ಜಾಗದಲ್ಲಿ ಸಹಜವಾಗಿ ಎಷ್ಟಿತ್ತು ಎಂದು ಗೊತ್ತಾಗುವುದು ಅದರಿಂದಲೇ.

ಪಿಎಚ್, ಸಾವಯವ ಇಂಗಾಲಕ್ಕೆ ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರ, ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಒಟ್ಟು ಲೋಹ ಎಲ್ಲಿ ಮಾಡಿಸಬಹುದು ಎಂದೂ ಅಲ್ಲೇ ಕೇಳಬಹುದು.

ಕೂನೂರು ಟೀ:
ವರದಿ ಬರುವ ತನಕ ಒಂದು ಕೆಲಸ ಮಾಡಬಹುದು. ಆ ಪಟ್ಟಿಯ ಮಣ್ಣು ಅರ್ಧ ಚೀಲ, ಬಾಣೆಯ ಮಣ್ಣು ಅರ್ಧ ಚೀಲ ಬೇರೆ ಬೇರೆ ಪಾಲಿಥೀನ್ ಚೀಲಕ್ಕೆ ತುಂಬಿ ಎರಡರಲ್ಲೂ ಟೀ ಕಟಿಂಗ್ ಸಸಿ ಇಡಿ. ಆರು ತಿಂಗಳು ಬಿಟ್ಟು ಚೀಲ ಹರಿದು ಬೇರು ತೊಳೆದು ನೋಡಿ. ಬಿಳಿ ಎಳೆ ಬೇರು ಎರಡರಲ್ಲೂ ಒಂದೇ ಸಮ ಇದ್ದರೆ ಧೈರ್ಯ ಬರುತ್ತದೆ.

ಮಣ್ಣು ಪರೀಕ್ಷೆ:
ಒಳ್ಳೆಯ ಸಲಹೆ. ಎರಡೂ ಮಣ್ಣಿನ ಪಿಎಚ್ ಮೊದಲು ಬರೆದಿಟ್ಟುಕೊಳ್ಳಿ. ಪಿಎಚ್‌ನಲ್ಲಿ ದೊಡ್ಡ ಅಂತರ ಇದ್ದರೆ ಬೇರಿನ ವ್ಯತ್ಯಾಸಕ್ಕೆ ತಾಮ್ರವೇ ಕಾರಣ ಎಂದು ಹೇಳಲಾಗುವುದಿಲ್ಲ.

ಹುದಿಕೇರಿ ತೋಟ:
ಹಾಗೇ ಮಾಡುತ್ತೇನೆ. ಈ ವರ್ಷ ಮರ ಕಡಿಸುವುದಿಲ್ಲ, ಅದು ನಿರ್ಧಾರ ಆಯಿತು. ಟೀ ಹಾಕಿದರೂ ನೆರಳು ಇಟ್ಟುಕೊಂಡೇ ಹಾಕುತ್ತೇವೆ, ಎಲೆ ಸ್ವಲ್ಪ ಕಡಿಮೆ ಬಂದರೂ ಸರಿ. ಬೋರ್ಡೋ ಕಟ್ಟೆ ನಮ್ಮಲ್ಲೂ ತೋಡಿನ ಹತ್ತಿರವೇ ಇದೆ. ಅದನ್ನು ಮೇಲೆ ರಸ್ತೆ ಪಕ್ಕಕ್ಕೆ ತರುತ್ತೇವೆ. ತುಲಾ ಸಂಕ್ರಮಣ ಕಳೆದ ಮೇಲೆ ಮಣ್ಣು ತೆಗೆದು ಕಳಿಸುತ್ತೇನೆ. ಒಟ್ಟು ಲೋಹದ ಪರೀಕ್ಷೆಗೆ ಒಬ್ಬರೇ ಕೊಡುವ ಬದಲು ನಾಲ್ಕೈದು ಮನೆಯವರು ಒಟ್ಟಿಗೆ ಕಳಿಸಿದರೆ ಸಾಗಣೆ ಖರ್ಚು ಉಳಿಯುತ್ತದೆ. ಯಾರಿಗೆ ಬೇಕು ಹೇಳಿ.

ಸುಂಟಿಕೊಪ್ಪ ಮೆಣಸು:
ನಮ್ಮದು ಎರಡು ಚೀಲ. ಮೆಣಸಿನ ಬುಡದ್ದು ಒಂದು, ಸಾಲಿನ ಮಧ್ಯದ್ದು ಒಂದು.

ಗದ್ದೆ ಬದಿ:
ನಮ್ಮ ಗದ್ದೆಗೆ ತೋಡು ಬಂದು ಸೇರುವ ಬಾಯಿಯ ಮಣ್ಣು ಒಂದು ಸೇರಿಸಿ. ಖರ್ಚಿನ ಪಾಲು ನಾನು ಕೊಡುತ್ತೇನೆ. ಮೇಲಿನ ತೋಟದವರನ್ನೂ ಕೇಳುತ್ತೇನೆ, ಅವರೂ ಒಂದು ಚೀಲ ಕೊಟ್ಟರೆ ವರದಿ ಇಟ್ಟುಕೊಂಡು ಇಬ್ಬರೂ ಕೂತು ಮಾತಾಡಬಹುದು.